ಬೇಳೆಕಾಳಿನ ಅಲರ್ಜಿ: ಒಗ್ಗದ ಕಾಳನ್ನು ಪತ್ತೆಹಚ್ಚುವುದು ಹೇಗೆ, ಉಳಿದವನ್ನು ಉಳಿಸಿಕೊಳ್ಳುವುದು ಹೇಗೆ

ಕಡಲೆಕಾಯಿ ತಿಂದರೆ ತುಟಿ ಊದಿಕೊಳ್ಳುತ್ತದೆ, ಹಾಗಾದರೆ ಬಟಾಣಿ, ಸೋಯಾ, ಹೆಸರುಕಾಳು ಎಲ್ಲವನ್ನೂ ಬಿಡಬೇಕೇ? ರಕ್ತಪರೀಕ್ಷೆಯ ವರದಿಯಲ್ಲಿ ಏಳೆಂಟು ಕಾಳುಗಳ ಮುಂದೆ ‘ಪಾಸಿಟಿವ್’ ಎಂದಿದೆ, ಮುಂದೇನು? ಚೆನ್ನಾಗಿ ಬೇಯಿಸಿದರೆ ಅಲರ್ಜಿ ಹೋಗುತ್ತದೆಯೇ? ಓದುಗರಿಂದ ತಿರುತಿರುಗಿ ಬರುವ ಪ್ರಶ್ನೆಗಳು ಇವು. ಮೂರಕ್ಕೂ ಬೇರು ಒಂದೇ. ಮೈ ತಿರುಗಿಬೀಳುವುದು ಕಾಳಿನೊಳಗಿನ ಕೆಲವೇ ಪ್ರೋಟೀನುಗಳ ಮೇಲೆ. ಅವು ಯಾವುವೆಂದು ಗೊತ್ತಾದರೆ ಯಾವ ಕಾಳನ್ನು ಬಿಡಬೇಕು, ಯಾವುದಕ್ಕೆ ಹೆದರಬೇಕಿಲ್ಲ ಎಂಬುದು ಬಹುಮಟ್ಟಿಗೆ ಗೊತ್ತಾದಂತೆ.

ಈ ಕೆಲಸಕ್ಕೆ ಒಂದು ನೋಟ್‌ಬುಕ್, ತಿಂದ ಪದಾರ್ಥದ ಪೊಟ್ಟಣ, ಈಗ ತೆಗೆದುಕೊಳ್ಳುತ್ತಿರುವ ಔಷಧಗಳ ಪಟ್ಟಿ ಮತ್ತು ಅಲರ್ಜಿ ತಜ್ಞ ವೈದ್ಯರು ಬೇಕು. ಕಾಳು ತಿಂದ ಮೇಲೆ ನಿಮಗಾಗಲಿ ಮಗುವಿಗಾಗಲಿ ಒಮ್ಮೆಯಾದರೂ ಉಸಿರು ಕಟ್ಟಿದ್ದರೆ, ತಲೆಸುತ್ತಿ ಕುಸಿದಿದ್ದರೆ, ಮೊದಲು 8ನೇ ಹಂತ ಓದಿ, ಉಳಿದದ್ದು ಆಮೇಲೆ.

ಮೊದಲು, ಕಾಳಿನೊಳಗೆ ಏನಿದೆ

ಮೊಳಕೆಯೊಡೆಯುವ ಸಸಿಗೆ ಬುತ್ತಿಯೆಂದು ಕಾಳು ಪ್ರೋಟೀನನ್ನು ಕೂಡಿಟ್ಟಿರುತ್ತದೆ. ಒಣಗಿದ ಕಾಳಿನ ತೂಕದಲ್ಲಿ ಸುಮಾರು ಶೇ 20ರಿಂದ 25ರಷ್ಟು, ಸೋಯಾದಲ್ಲಿ ಶೇ 35ಕ್ಕೂ ಮೇಲೆ ಪ್ರೋಟೀನೇ. ಇವನ್ನು ಸಂಗ್ರಹ ಪ್ರೋಟೀನುಗಳು ಎನ್ನುತ್ತಾರೆ. ಅಲರ್ಜಿಗೆ ಮುಖ್ಯ ಕಾರಣವೂ ಇವೇ. ಅವುಗಳಲ್ಲಿ ಮೂರು ಬಗೆ: 7ಎಸ್ ಅಥವಾ ವಿಸಿಲಿನ್, 11ಎಸ್ ಅಥವಾ ಲೆಗ್ಯುಮಿನ್, 2ಎಸ್ ಆಲ್ಬುಮಿನ್. (ರಭಸವಾಗಿ ತಿರುಗುವ ಯಂತ್ರದಲ್ಲಿ ಪ್ರೋಟೀನು ಎಷ್ಟು ಬೇಗ ತಳಕ್ಕಿಳಿಯುತ್ತದೆ ಎಂಬುದರ ಅಳತೆ ‘ಎಸ್’, ಅಂಕಿ ಚಿಕ್ಕದಾದಷ್ಟೂ ಪ್ರೋಟೀನು ಚಿಕ್ಕದು.)

ವೈದ್ಯಕೀಯ ವರದಿಗಳಲ್ಲಿ ಈ ಪ್ರೋಟೀನುಗಳಿಗೆ ವಿಚಿತ್ರ ಹೆಸರುಗಳಿರುತ್ತವೆ. ಸಸ್ಯದ ಲ್ಯಾಟಿನ್ ಹೆಸರಿನ ಮೊದಲ ಮೂರಕ್ಷರ, ಎರಡನೇ ಪದದ ಮೊದಲಕ್ಷರ, ಕೊನೆಗೆ ಒಂದು ಅಂಕಿ. ಕಡಲೆಕಾಯಿ ಎಂದರೆ ಅರಾಕಿಸ್ ಹೈಪೋಜಿಯಾ, ಆದ್ದರಿಂದ ‘ಅರಾ ಎಚ್ 2’. ಸೋಯಾ ಎಂದರೆ ಗ್ಲೈಸಿನ್ ಮ್ಯಾಕ್ಸ್, ಆದ್ದರಿಂದ ‘ಗ್ಲೈ ಎಂ 5’. ಈ ಸೂತ್ರ ತಿಳಿದಿದ್ದರೆ ವರದಿ ಓದುವುದು ಸಲೀಸು.

ಅಲರ್ಜಿ ಎರಡು ಹಂತದಲ್ಲಿ ಹುಟ್ಟುತ್ತದೆ. ಮೊದಲ ಹಂತದಲ್ಲಿ ರೋಗನಿರೋಧಕ ವ್ಯವಸ್ಥೆ ನಿರುಪದ್ರವಿ ಪ್ರೋಟೀನನ್ನು ಶತ್ರುವೆಂದು ತಪ್ಪಾಗಿ ತಿಳಿದು ಅದಕ್ಕೆ ತಕ್ಕ ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸುತ್ತದೆ. ಈ ಐಜಿಇ ಚರ್ಮ, ಕರುಳು, ಶ್ವಾಸನಾಳಗಳಲ್ಲಿರುವ ಮಾಸ್ಟ್ ಕೋಶಗಳ ಮೈಗೆ ಅಂಟಿಕೊಂಡು ಕಾಯುತ್ತದೆ. ಆಗ ಹೊರಗೆ ಏನೂ ಕಾಣುವುದಿಲ್ಲ. ಇದಕ್ಕೆ ಸಂವೇದನೆ ಎನ್ನುತ್ತಾರೆ. ಎರಡನೇ ಹಂತದಲ್ಲಿ ಅದೇ ಪ್ರೋಟೀನು ಮತ್ತೆ ಒಳಹೊಕ್ಕು, ಅಕ್ಕಪಕ್ಕದ ಎರಡು ಐಜಿಇಗಳಿಗೆ ಸೇತುವೆಯಂತೆ ಕೂಡಿಕೊಂಡರೆ ಕೋಶ ಒಡಲು ಬಿಚ್ಚಿ ಹಿಸ್ಟಮೈನ್ ಮೊದಲಾದ ರಾಸಾಯನಿಕಗಳನ್ನು ಚೆಲ್ಲುತ್ತದೆ. ತುರಿಕೆ, ಗಂಧೆ, ಊತ, ಉಬ್ಬಸ, ವಾಂತಿ ಎಲ್ಲವೂ ಅದರಿಂದಲೇ.

ಸೇತುವೆ ಕಟ್ಟಬೇಕಾದರೆ ಪ್ರೋಟೀನು ಜಠರದ ಆಮ್ಲವನ್ನೂ ಒಲೆಯ ಕಾವನ್ನೂ ದಾಟಿ ಬರಬೇಕು. ಕಾಳು ಕಾಳಿಗೂ ಅಲರ್ಜಿಯ ತೀವ್ರತೆ ಬೇರೆಯಾಗುವುದು ಬಹುಮಟ್ಟಿಗೆ ಇಲ್ಲೇ. 2ಎಸ್ ಆಲ್ಬುಮಿನ್‌ಗಳು ಗಂಧಕದ ಬಂಧಗಳಿಂದ ಬಿಗಿದ ಗಂಟಿನಂತಿವೆ; ಬೇಯಿಸಿದರೂ ಸಡಿಲವಾಗುವುದಿಲ್ಲ, ಜೀರ್ಣರಸಕ್ಕೂ ಸುಲಭವಾಗಿ ಜಗ್ಗುವುದಿಲ್ಲ. ಕಡಲೆಕಾಯಿಯ ಅರಾ ಎಚ್ 2 ಮತ್ತು 6 ಈ ಜಾತಿಯವು, ತೀವ್ರ ಪ್ರತಿಕ್ರಿಯೆಯ ಜೊತೆ ಹೆಚ್ಚಾಗಿ ಕಾಣಿಸಿಕೊಳ್ಳುವುದೂ ಅವೇ. ಪಿಆರ್-10 ಎಂಬ ಇನ್ನೊಂದು ಬಗೆಯ ಪ್ರೋಟೀನು (ಅರಾ ಎಚ್ 8, ಗ್ಲೈ ಎಂ 4) ಕಾವಿಗೆ ಬೇಗ ಕರಗುತ್ತದೆ. ಅದು ಬರ್ಚ್ ಮರದ ಪರಾಗದ ಪ್ರೋಟೀನನ್ನು ಹೋಲುವುದರಿಂದ ಪರಾಗದ ಅಲರ್ಜಿ ಇರುವವರಿಗೆ ಬಾಯಿ, ಗಂಟಲು ತುರಿಸುತ್ತದೆ, ಸಾಮಾನ್ಯವಾಗಿ ಅಷ್ಟಕ್ಕೇ ನಿಲ್ಲುತ್ತದೆ. ಇದಕ್ಕೊಂದು ಅಪವಾದವಿದೆ. ಕಡಿಮೆ ಸಂಸ್ಕರಿಸಿದ ಸೋಯಾ ಪಾನೀಯವನ್ನು ಒಮ್ಮೆಲೇ ದೊಡ್ಡ ಲೋಟ ಕುಡಿದಾಗ ಇದೇ ಪ್ರೋಟೀನು ತೀವ್ರ ಪ್ರತಿಕ್ರಿಯೆ ತಂದದ್ದುಂಟು. ಲಿಪಿಡ್ ಸಾಗಣೆ ಪ್ರೋಟೀನುಗಳು (ಕಡಲೆಕಾಯಿಯ ಅರಾ ಎಚ್ 9, ಮಸೂರದ ಲೆನ್ ಸಿ 3) ಕಾವಿಗೂ ಆಮ್ಲಕ್ಕೂ ಗಟ್ಟಿ.

1. ಅದು ಅಲರ್ಜಿಯೇ ಎಂದು ಮೊದಲು ನೋಡಿ

ಕಾಳು ತಿಂದು ಬರುವ ತೊಂದರೆಯೆಲ್ಲ ಅಲರ್ಜಿಯಲ್ಲ. ಹೊಟ್ಟೆ ಉಬ್ಬರ, ವಾಯು ಇದ್ದರೆ ಕಾರಣ ಪ್ರೋಟೀನಲ್ಲ, ರಾಫಿನೋಸ್ ಮತ್ತು ಸ್ಟಾಕಿಯೋಸ್ ಎಂಬ ಸಕ್ಕರೆಗಳು. ಅವನ್ನು ಅರಗಿಸುವ ಕಿಣ್ವ ಮನುಷ್ಯರ ಸಣ್ಣ ಕರುಳಿನಲ್ಲಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅವನ್ನು ಹುದುಗಿಸಿದಾಗ ಅನಿಲ ಹುಟ್ಟುತ್ತದೆ.

ರಾಜ್ಮಾ ತಿಂದ ಎಲ್ಲರಿಗೂ ಒಂದರಿಂದ ಮೂರು ಗಂಟೆಯೊಳಗೆ ಒಟ್ಟಿಗೆ ವಾಂತಿಯಾದರೆ ಅದು ಅರೆಬೆಂದ ಕಾಳಿನ ವಿಷ. ಹಸಿ ರಾಜ್ಮಾದಲ್ಲಿರುವ ಫೈಟೋಹೀಮಗ್ಲುಟಿನಿನ್ ಎಂಬ ಲೆಕ್ಟಿನ್ ಇದಕ್ಕೆ ಕಾರಣ. ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕೊತಕೊತ ಕುದಿಸಬೇಕು. ಕುದಿಸುವ ಅವಧಿ 10 ನಿಮಿಷಕ್ಕಿಂತ ಕಡಿಮೆಯಿರಲೇಬಾರದು, 30 ನಿಮಿಷವಾದರೆ ಲೇಸು. ಕುದಿಯುವ ಮಟ್ಟ ಮುಟ್ಟದೆ ಸಣ್ಣ ಕಾವಿನಲ್ಲೇ ಗಂಟೆಗಟ್ಟಲೆ ಬೇಯಿಸುವ ವಿದ್ಯುತ್ ಪಾತ್ರೆಗಳಲ್ಲಿ ಹಸಿ ರಾಜ್ಮಾ ಹಾಕುವುದೇ ಅಪಾಯ.

ಫಾವಾ ಬೀನ್ಸ್ ತಿಂದ ಒಂದೆರಡು ದಿನದಲ್ಲಿ ಮೂತ್ರ ಕಡುಬಣ್ಣಕ್ಕೆ ತಿರುಗಿ, ಕಣ್ಣು ಹಳದಿಯಾಗಿ, ಸುಸ್ತು ಹೊಡೆದರೆ ಅದು ಫೇವಿಸಂ. ಜಿ6ಪಿಡಿ ಎಂಬ ಕಿಣ್ವದ ಹುಟ್ಟು ಕೊರತೆ ಇರುವವರಲ್ಲಿ ಕೆಂಪು ರಕ್ತಕಣಗಳು ಒಡೆಯುವುದರಿಂದ ಬರುವ ಕಾಯಿಲೆ ಅದು. ಅಲರ್ಜಿ ಅಲ್ಲದಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ್ದೇ.

ಎಳೆ ಮಕ್ಕಳಲ್ಲಿ ಇನ್ನೊಂದು ಬಗೆ ಇದೆ. ತಿಂದ ಒಂದರಿಂದ ನಾಲ್ಕು ಗಂಟೆಯ ಮೇಲೆ ಮೇಲಿಂದ ಮೇಲೆ ವಾಂತಿ, ಮುಖ ಬಿಳುಚುವುದು, ಮೈ ಜೋಲುವುದು. ಗಂಧೆ, ಉಬ್ಬಸ ಇರುವುದಿಲ್ಲ. ಇದಕ್ಕೆ ಎಫ್‌ಪಿಐಇಎಸ್ ಎಂದು ಹೆಸರು. ಸೋಯಾ ಇದರ ಚಿರಪರಿಚಿತ ಕಾರಣಗಳಲ್ಲೊಂದು. ಇದರಲ್ಲಿ ಐಜಿಇ ಪಾತ್ರವಿಲ್ಲದ್ದರಿಂದ ಚರ್ಮ ಪರೀಕ್ಷೆ, ರಕ್ತಪರೀಕ್ಷೆ ಎರಡೂ ಸಾಮಾನ್ಯವಾಗಿ ‘ನೆಗೆಟಿವ್’ ಬರುತ್ತವೆ. ‘ರಿಪೋರ್ಟ್ ಚೆನ್ನಾಗಿದೆ’ ಎಂದು ಮತ್ತೆ ತಿನ್ನಿಸಿ ಮಗುವನ್ನು ಮತ್ತೆ ಆಸ್ಪತ್ರೆಗೆ ಹೊರುವುದು ಇಲ್ಲಾಗುವ ತಪ್ಪು.

ಐಜಿಇ ಅಲರ್ಜಿಯ ಗುರುತು ಸಮಯ. ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಶುರುವಾಗುತ್ತದೆ. ಪ್ರತಿ ಸಲ ತಿಂದಾಗಲೂ ಬರುತ್ತದೆ, ಇಲ್ಲವೇ ಜೊತೆಗೊಂದು ಸಹಕಾರಣ (ವ್ಯಾಯಾಮ, ಮದ್ಯದಂಥದ್ದು, 2ನೇ ಹಂತ ನೋಡಿ) ಇದ್ದಾಗ ಮಾತ್ರ ಬರುತ್ತದೆ.

2. ನಡೆದದ್ದನ್ನು ಅಂದೇ ಬರೆದಿಡಿ

ವೈದ್ಯರಿಗೆ ನಿಮ್ಮ ವಿವರಣೆಯಷ್ಟು ಬೆಲೆಯುಳ್ಳ ಪರೀಕ್ಷೆ ಇನ್ನೊಂದಿಲ್ಲ. ಬರೆಯಬೇಕಾದ್ದು ಇಷ್ಟು:

- ಯಾವ ಕಾಳು, ಎಷ್ಟು (ಚಮಚ, ಗ್ರಾಂ ಅಥವಾ ಕಾಳಿನ ಎಣಿಕೆ).
- ಯಾವ ರೂಪ: ಹಸಿ, ಮೊಳಕೆ, ಹುರಿದದ್ದು, ಬೇಯಿಸಿದ್ದು, ಹುದುಗಿಸಿದ್ದು, ಹಿಟ್ಟು, ಪ್ರೋಟೀನ್ ಪುಡಿ.
- ತಿಂದ ಗಂಟೆ, ಮೊದಲ ಲಕ್ಷಣದ ಗಂಟೆ, ಯಾವ ಕ್ರಮದಲ್ಲಿ ಏನೇನಾಯಿತು, ಎಷ್ಟು ಹೊತ್ತಿಗೆ ಇಳಿಯಿತು.
- ಆ ಹೊತ್ತಿನ ಆಸುಪಾಸು ವ್ಯಾಯಾಮ, ಮದ್ಯ, ಐಬುಪ್ರೊಫೆನ್ ಅಥವಾ ಆಸ್ಪಿರಿನ್ ಮಾತ್ರೆ, ಜ್ವರ, ಮುಟ್ಟು, ನಿದ್ದೆಗೇಡು ಇತ್ತೇ. ಇವೇ ಸಹಕಾರಣಗಳು. ನಿನ್ನೆ ಒಗ್ಗಿದ ಪ್ರಮಾಣ ಇವತ್ತು ಒಗ್ಗದಿರುವುದಕ್ಕೆ ಬಹಳ ಸಲ ಇವೇ ಕಾರಣ.
- ಗಂಧೆ, ಊತದ ಫೋಟೋ. ವೈದ್ಯರ ಬಳಿ ಹೋಗುವಷ್ಟರಲ್ಲಿ ಅದು ಮಾಯವಾಗಿರುತ್ತದೆ.

ಪೊಟ್ಟಣ ಎಸೆಯಬೇಡಿ, ತಯಾರಿಕೆಯ ಬ್ಯಾಚ್ ಸಂಖ್ಯೆ ಸಮೇತ ಇಟ್ಟುಕೊಳ್ಳಿ. ಕಾಳಿನ ಜೊತೆಗಿದ್ದ ಎಳ್ಳು, ಹಾಲು, ಗೋಡಂಬಿಯ ಮೇಲೂ ಒಂದು ಕಣ್ಣಿರಲಿ. ಬಹಳ ದಿನ ಡಬ್ಬಿಯಲ್ಲಿ ಉಳಿದ ಹಿಟ್ಟಿನಲ್ಲಿ ನುಸಿಗಳು ಸೇರಿಕೊಂಡು, ಧೂಳಿನ ನುಸಿಯ ಅಲರ್ಜಿ ಇದ್ದವರಿಗೆ ತೀವ್ರ ಪ್ರತಿಕ್ರಿಯೆ ಬಂದದ್ದೂ ಉಂಟು. ಆಗ ತಪ್ಪು ಕಾಳಿನದ್ದಲ್ಲ.

ಎಚ್ಚರ: ಖಚಿತಪಡಿಸಿಕೊಳ್ಳಲೆಂದು ಮನೆಯಲ್ಲಿ ‘ಸ್ವಲ್ಪವೇ ಸ್ವಲ್ಪ’ ಮತ್ತೆ ತಿಂದು ನೋಡಬೇಡಿ. ಹಿಂದಿನ ಸಲ ಬರೀ ಗಂಧೆ ಎದ್ದಿತ್ತು ಎಂಬುದು ಮುಂದಿನ ಸಲಕ್ಕೆ ಖಾತರಿಯಲ್ಲ.

3. ಪರೀಕ್ಷೆಗೆ ಹೋಗಿ, ಆದರೆ ಸರಿಯಾದದ್ದಕ್ಕೆ

ಮೊದಲ ಸಾಲಿನ ಪರೀಕ್ಷೆಗಳು ಎರಡು. ಸ್ಕಿನ್ ಪ್ರಿಕ್ ಟೆಸ್ಟ್‌ನಲ್ಲಿ ಮುಂಗೈ ಅಥವಾ ಬೆನ್ನಿನ ಮೇಲೆ ಕಾಳಿನ ಸಾರದ ಹನಿಯಿಟ್ಟು, ಸೂಜಿಮೊನೆಯಿಂದ ಚರ್ಮದ ಮೇಲ್ಪದರವನ್ನಷ್ಟೇ ಚುಚ್ಚುತ್ತಾರೆ. ಪಕ್ಕದಲ್ಲಿ ಹಿಸ್ಟಮೈನ್ ಮತ್ತು ಬರೀ ಲವಣಜಲದ ಒಂದೊಂದು ಹನಿ ಇರಬೇಕು. ಹಿಸ್ಟಮೈನ್ ಉಬ್ಬಬೇಕು, ಲವಣಜಲ ಉಬ್ಬಬಾರದು. 15ರಿಂದ 20 ನಿಮಿಷದ ಮೇಲೆ ಲವಣಜಲದ ಗುರುತಿಗಿಂತ 3 ಮಿಲಿಮೀಟರ್ ಅಥವಾ ಹೆಚ್ಚು ದೊಡ್ಡ ಉಬ್ಬು ಬಂದಿದ್ದರೆ ಪಾಸಿಟಿವ್. ಹಿಸ್ಟಮೈನ್ ಜಾಗವೇ ಉಬ್ಬದಿದ್ದರೆ ಪರೀಕ್ಷೆಗೆ ಅರ್ಥವಿಲ್ಲ. ಅದಕ್ಕೆ ಸಾಮಾನ್ಯ ಕಾರಣ ಸೆಟ್ರಿಜಿನ್‌ನಂಥ ಆಂಟಿಹಿಸ್ಟಮೈನ್ ಮಾತ್ರೆ. ಅದನ್ನು ಸಾಧಾರಣವಾಗಿ 5ರಿಂದ 7 ದಿನ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಕೆಮ್ಮಿನ ಸಿರಪ್‌ಗಳಲ್ಲೂ ಅದು ಅಡಗಿರಬಹುದು. ಉಬ್ಬಸದ ಇನ್‌ಹೇಲರ್ ಮಾತ್ರ ನೀವಾಗಿ ನಿಲ್ಲಿಸಬೇಡಿ.

ಎರಡನೆಯದು ರಕ್ತದಲ್ಲಿ ಆ ಕಾಳಿಗೆಂದೇ ಇರುವ ಐಜಿಇ ಅಳೆಯುವುದು. ಇದಕ್ಕೆ ಮಾತ್ರೆ ನಿಲ್ಲಿಸಬೇಕಿಲ್ಲ. ಬಹುಕಾಲದಿಂದ 0.35 ಯೂನಿಟ್ ಅನ್ನು ಗೆರೆಯಾಗಿ ಬಳಸಲಾಗಿದೆ, ಈಗಿನ ಯಂತ್ರಗಳು 0.1ರವರೆಗೂ ಗುರುತಿಸುತ್ತವೆ. ತೀವ್ರ ಪ್ರತಿಕ್ರಿಯೆ ಆದ ಕೂಡಲೇ ಪರೀಕ್ಷೆಗೆ ಓಡಬೇಡಿ. ಕೋಶಗಳು ಬರಿದಾಗಿರುವುದರಿಂದ ಸುಳ್ಳು ನೆಗೆಟಿವ್ ಬರಬಹುದು, ನಾಲ್ಕರಿಂದ ಆರು ವಾರ ಬಿಡುವುದು ವಾಡಿಕೆ. ಟ್ರಿಪ್ಟೇಸ್ ಎಂಬ ರಕ್ತಪರೀಕ್ಷೆ ಇದಕ್ಕೆ ತದ್ವಿರುದ್ಧ. ಪ್ರತಿಕ್ರಿಯೆಯಾದ ಮೊದಲ ಕೆಲವೇ ಗಂಟೆಗಳಲ್ಲಿ ರಕ್ತ ತೆಗೆದರಷ್ಟೇ ಅದರಿಂದ ಉಪಯೋಗ.

ಅತಿ ಹೆಚ್ಚು ಜನ ಎಡವುವುದು ಈ ವರದಿಯನ್ನು ಓದುವಾಗ. ಪಾಸಿಟಿವ್ ಎಂದರೆ ಮೈಯಲ್ಲಿ ಐಜಿಇ ಇದೆ ಎಂದಷ್ಟೇ ಅರ್ಥ, ತಿಂದರೆ ಪ್ರತಿಕ್ರಿಯೆ ಬರುತ್ತದೆ ಎಂದಲ್ಲ. ಬೇಳೆಕಾಳುಗಳಲ್ಲಂತೂ ಈ ಅಂತರ ಬಲು ದೊಡ್ಡದು. ಒಂದು ಕಾಳಿನ ವಿಸಿಲಿನ್ ಇನ್ನೊಂದರ ವಿಸಿಲಿನ್‌ಗೆ ಅಣ್ಣತಮ್ಮಂದಿರಂತೆ ಹೋಲುವುದರಿಂದ, ಕಡಲೆಕಾಯಿಯ ಐಜಿಇ ಪ್ರಯೋಗಾಲಯದ ಗಾಜಿನಲ್ಲಿ ಬಟಾಣಿಗೂ ಸೋಯಾಕ್ಕೂ ಅಂಟುತ್ತದೆ. ತಟ್ಟೆಯಲ್ಲಿ ಅದೇ ಬಟಾಣಿ ತಿಂದವರಿಗೆ ಏನೂ ಆಗದಿರಬಹುದು. ಆದ್ದರಿಂದ ‘ಎಲ್ಲದಕ್ಕೂ ಒಮ್ಮೆ ಮಾಡಿಸಿಬಿಡೋಣ’ ಎಂದು ನೂರು ಪದಾರ್ಥದ ಪ್ಯಾನೆಲ್ ಮಾಡಿಸಬೇಡಿ. ಅನುಮಾನವಿರುವ ಕಾಳಿಗಷ್ಟೇ ಮಾಡಿಸಿ. ಉಬ್ಬಿನ ಗಾತ್ರ, ರಕ್ತದ ಅಂಕಿ ಹೆಚ್ಚಾದಷ್ಟೂ ಅಲರ್ಜಿ ಇರುವ ಸಾಧ್ಯತೆ ಹೆಚ್ಚು, ನಿಜ. ಅದು ಎಷ್ಟು ತೀವ್ರವಾಗಿ ಬರುತ್ತದೆ ಎಂಬುದನ್ನು ಆ ಅಂಕಿ ಹೇಳುವುದಿಲ್ಲ.

ಇನ್ನು ಐಜಿಜಿ ಪರೀಕ್ಷೆ. ಐಜಿಜಿ ಎಂದರೆ ಐಜಿಇಯಲ್ಲದ ಇನ್ನೊಂದು ಬಗೆಯ ಪ್ರತಿಕಾಯ. ‘ಆಹಾರ ಅಸಹಿಷ್ಣುತೆ ಪರೀಕ್ಷೆ’ ಎಂಬ ಹೆಸರಿನಲ್ಲಿ ಮಾರುವ ಇದನ್ನು ಅಲರ್ಜಿ ಗುರುತಿಸಲು ಬಳಸಲೇಬಾರದು. ಐಜಿಜಿ ಇದ್ದರೆ ಆ ಆಹಾರವನ್ನು ನೀವು ತಿಂದಿದ್ದೀರಿ ಎಂದು ತಿಳಿಯುತ್ತದೆ, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಕಡಲೆಕಾಯಿಗಾದರೆ ಘಟಕ ಪರೀಕ್ಷೆ ಕೇಳಿ, ಅಂದರೆ ಇಡೀ ಕಾಳಿನ ಬದಲು ಒಂದೊಂದು ಪ್ರೋಟೀನಿಗೂ ಬೇರೆ ಬೇರೆ ಐಜಿಇ ಅಳೆಯುವುದು. ಅರಾ ಎಚ್ 2 ಪಾಸಿಟಿವ್ ಬಂದರೆ ನಿಜವಾದ ಅಲರ್ಜಿಯ ಕಡೆಗೆ ತಕ್ಕಡಿ ವಾಲುತ್ತದೆ. ಅರಾ ಎಚ್ 8 ಒಂದೇ ಬಂದರೆ ಪರಾಗದ ನೆರಳೆಂದು ಅನುಮಾನಿಸಬಹುದು. ಕಡಲೆ, ಮಸೂರದಂಥ ಕಾಳುಗಳಿಗೆ ಸಿದ್ಧ ಸಾರಗಳು ಅಷ್ಟಾಗಿ ಇಲ್ಲ. ಆಗ ಕಾಳನ್ನೇ ಚುಚ್ಚಿದ ಸೂಜಿಯಿಂದ ಚರ್ಮ ಚುಚ್ಚುವ ಕ್ರಮವಿದೆ. ಅದಕ್ಕೆ ನೀವು ತಿಂದ ರೂಪದಲ್ಲೇ ಕಾಳನ್ನು ಒಯ್ಯಿರಿ, ಹುರಿದದ್ದಾದರೆ ಹುರಿದದ್ದು, ಬೆಂದದ್ದಾದರೆ ಬೆಂದದ್ದು. ಇನ್ನೊಂದು ಸೂಕ್ಷ್ಮವಿದೆ. ಎಣ್ಣೆಯ ಹನಿಗಳಿಗೆ ಅಂಟಿಕೊಂಡಿರುವ ಓಲಿಯೋಸಿನ್ ಎಂಬ ಪ್ರೋಟೀನುಗಳು ನೀರಿನಲ್ಲಿ ಕರಗುವುದಿಲ್ಲ, ಹಾಗಾಗಿ ನೀರಿನಲ್ಲಿ ತೆಗೆದ ಸಾರಗಳಲ್ಲಿ ಅವು ಇರುವುದೇ ಇಲ್ಲ. ಸ್ಪಷ್ಟ ಲಕ್ಷಣವಿದ್ದೂ ಎಲ್ಲ ಪರೀಕ್ಷೆ ನೆಗೆಟಿವ್ ಬಂದರೆ ಈ ಸಾಧ್ಯತೆಯನ್ನು ವೈದ್ಯರ ಗಮನಕ್ಕೆ ತನ್ನಿ.

4. ಗೊಂದಲ ಉಳಿದರೆ: ತಿನ್ನಿಸಿ ನೋಡುವ ಪರೀಕ್ಷೆ

ಲಕ್ಷಣವೂ ವರದಿಯೂ ಹೊಂದದಿದ್ದರೆ ಕೊನೆಯ ಮಾತು ಓರಲ್ ಫುಡ್ ಚಾಲೆಂಜ್‌ನದ್ದು. ಆಸ್ಪತ್ರೆಯಲ್ಲಿ, ತೀವ್ರ ಪ್ರತಿಕ್ರಿಯೆಗೆ ಕೊಡುವ ಎಪಿನೆಫ್ರಿನ್ ಚುಚ್ಚುಮದ್ದನ್ನು ಕೈಯಳತೆಯಲ್ಲಿ ಇಟ್ಟುಕೊಂಡು, ಏರಿಕೆಯ ಪ್ರಮಾಣದಲ್ಲಿ ತಿನ್ನಿಸುತ್ತಾರೆ. ಚಾಲ್ತಿಯಲ್ಲಿರುವ ಒಂದು ಏಣಿ 3, 10, 30, 100, 300, 1000, 3000 ಮಿಲಿಗ್ರಾಂ ಪ್ರೋಟೀನು. ಮೆಟ್ಟಿಲು ಮೆಟ್ಟಿಲಿಗೂ 15ರಿಂದ 30 ನಿಮಿಷ ಬಿಡುವು. ಅಂದಾಜಿಗೆ, ಒಂದು ಕಡಲೆಬೀಜದಲ್ಲಿ ಸುಮಾರು 250 ಮಿಲಿಗ್ರಾಂ ಪ್ರೋಟೀನಿರುತ್ತದೆ. ಕೊನೆಯ ಮೆಟ್ಟಿಲಿನ 3 ಗ್ರಾಂ ಪ್ರೋಟೀನಿಗೆ ಒಣ ಬೇಳೆಯಾದರೆ 12ರಿಂದ 15 ಗ್ರಾಂ ಬೇಕು.

ಆ ದಿನ ಜ್ವರ, ಕೆಮ್ಮು ಇದ್ದರೆ ಅಥವಾ ಉಬ್ಬಸ ಹತೋಟಿಯಲ್ಲಿಲ್ಲದಿದ್ದರೆ ಮುಂದೂಡಿ. ಕೊನೆಯ ತುತ್ತಾದ ಮೇಲೂ ಎರಡು ಗಂಟೆಯಾದರೂ ಅಲ್ಲೇ ಇರಬೇಕಾಗುತ್ತದೆ, ಅರ್ಧ ದಿನ ಬಿಡುವು ಮಾಡಿಕೊಂಡೇ ಹೋಗಿ. ಪರೀಕ್ಷೆ ಪಾರಾದವರು ಆಮೇಲೆ ಮಾಡುವ ತಪ್ಪು, ಭಯದಿಂದ ಆ ಕಾಳನ್ನು ಮತ್ತೆ ಮುಟ್ಟದೇ ಇರುವುದು. ಪಾರಾದ ಕಾಳನ್ನು ನಿಯಮಿತವಾಗಿ ತಿನ್ನುತ್ತಲೇ ಇರಿ.

5. ಉಳಿದ ಕಾಳುಗಳ ಲೆಕ್ಕ ಹಾಕಿ

ನಿಯಮ ಸರಳ: ಇಷ್ಟು ದಿನ ತೊಂದರೆಯಿಲ್ಲದೆ ತಿನ್ನುತ್ತಿರುವ ಕಾಳನ್ನು ವರದಿ ನೋಡಿ ಬಿಡಬೇಡಿ. ಈವರೆಗೆ ತಿಂದೇ ಇಲ್ಲದ ಕಾಳಿದ್ದರೆ ವೈದ್ಯರನ್ನು ಕೇಳಿ ಶುರುಮಾಡಿ.

ಕಡಲೆಕಾಯಿ ಅಲರ್ಜಿ ಇರುವವರಲ್ಲಿ ಬೇರೆ ಕಾಳುಗಳಿಗೆ ಪರೀಕ್ಷೆ ಪಾಸಿಟಿವ್ ಬರುವುದು ಸಾಮಾನ್ಯ, ನಿಜವಾಗಿ ಪ್ರತಿಕ್ರಿಯೆ ಬರುವುದು ಕೆಲವರಿಗೆ ಮಾತ್ರ. ಲೂಪಿನ್ ಎಂಬ ದ್ವಿದಳ ಕಾಳು ಇದಕ್ಕೆ ಅಪವಾದ. ಕಡಲೆಕಾಯಿ ಒಗ್ಗದವರು ಲೂಪಿನ್ ಹಿಟ್ಟಿನ ವಿಷಯದಲ್ಲಿ ಮೈಯೆಲ್ಲ ಕಣ್ಣಾಗಿರಬೇಕು. ಮಸೂರ, ಕಡಲೆ, ಬಟಾಣಿ ಇನ್ನೊಂದು ಗುಂಪು. ಇವುಗಳ ವಿಸಿಲಿನ್‌ಗಳು ತೀರಾ ಹತ್ತಿರದವು, ಒಂದು ಒಗ್ಗದವರಿಗೆ ಇನ್ನೊಂದು ಒಗ್ಗದಿರುವುದು ಇಲ್ಲಿ ಅಪರೂಪವಲ್ಲ. ಮೆಂತ್ಯವೂ ದ್ವಿದಳ ಕುಲದ್ದೇ, ಕಡಲೆಕಾಯಿ ಅಲರ್ಜಿ ಇರುವ ಕೆಲವರಿಗೆ ಅದೂ ಒಗ್ಗುವುದಿಲ್ಲ. ಮಸಾಲೆ ಪುಡಿಗಳಲ್ಲಿ ಅದು ಹೆಸರಿಲ್ಲದೆ ಸೇರಿಕೊಳ್ಳುವುದು ಬೇರೆ ತಲೆನೋವು. ಬಾದಾಮಿ, ಗೋಡಂಬಿ, ವಾಲ್‌ನಟ್ ದ್ವಿದಳ ಕುಲದವಲ್ಲ; ಆದರೂ ಕಡಲೆಕಾಯಿಯ ಜೊತೆಗೆ ಅವೂ ಒಗ್ಗದವರು ಇರುವುದರಿಂದ ಅವನ್ನು ಪ್ರತ್ಯೇಕವಾಗಿ ಪರೀಕ್ಷಿಸಿಕೊಳ್ಳಬೇಕು.

ನಮ್ಮ ಭಾಷೆಯದೇ ಒಂದು ತೊಡಕೂ ಇದೆ. ಕಡಲೆ ಬೇರೆ, ಕಡಲೆಕಾಯಿ ಅಥವಾ ಕಡಲೆಬೀಜ ಬೇರೆ. ಮಾತಿನ ಭರದಲ್ಲಿ ಎರಡೂ ಬೆರೆತು ಹೋಗುತ್ತವೆ. ವೈದ್ಯರಿಗೆ, ಶಾಲೆಗೆ, ಅಡುಗೆಯವರಿಗೆ ಹೇಳುವಾಗ ‘ಶೇಂಗಾ, ನೆಲಗಡಲೆ’ ಎಂದು ಎರಡನೇ ಹೆಸರನ್ನೂ ಸೇರಿಸಿ ಹೇಳಿ.

ಒಂದು ಕಾಳು ಬಿಟ್ಟರೆ ಪೋಷಣೆಗೆ ಧಕ್ಕೆಯಿಲ್ಲ. ಎಲ್ಲವನ್ನೂ ಬಿಟ್ಟರೆ ಪ್ರೋಟೀನು, ಕಬ್ಬಿಣ, ಫೋಲೇಟ್, ನಾರು ಒಟ್ಟಿಗೆ ಕೈತಪ್ಪುತ್ತವೆ. ಮಾಂಸ, ಮೊಟ್ಟೆ ತಿನ್ನದವರು ಹಾಗೆ ಮಾಡುವ ಮುನ್ನ ಆಹಾರ ತಜ್ಞರನ್ನು ಕಾಣಲೇಬೇಕು.

6. ಪೊಟ್ಟಣದ ಮೇಲಿನ ಬರಹ ಓದಿ

ಐರೋಪ್ಯ ಒಕ್ಕೂಟದ 14 ಕಡ್ಡಾಯ ಅಲರ್ಜಿಕಾರಕಗಳ ಪಟ್ಟಿಯಲ್ಲಿ ಕಡಲೆಕಾಯಿ, ಸೋಯಾ, ಲೂಪಿನ್ ಇವೆ. ಅಮೆರಿಕದ 9ರ ಪಟ್ಟಿಯಲ್ಲಿ ಕಡಲೆಕಾಯಿ, ಸೋಯಾ ಮಾತ್ರ. ಬಟಾಣಿ, ಕಡಲೆ, ಮಸೂರ ಎರಡರಲ್ಲೂ ಇಲ್ಲ. ಅಂದರೆ ದಪ್ಪಕ್ಷರದ ಅಲರ್ಜಿ ಸಾಲನ್ನಷ್ಟೇ ಓದಿದರೆ ಇವು ತಪ್ಪಿಸಿಕೊಳ್ಳುತ್ತವೆ. ಪದಾರ್ಥಗಳ ಪಟ್ಟಿ ಪೂರ್ತಿ ಓದಿ, ಕೊಂಡ ಪ್ರತಿ ಸಲವೂ ಓದಿ. ತಯಾರಕರು ಹೇಳದೆಯೇ ಪಾಕ ಬದಲಿಸುತ್ತಾರೆ.

‘ಗಿಡಮೂಲ ಪ್ರೋಟೀನ್’, ‘ಟೆಕ್ಸ್ಚರ್ಡ್ ವೆಜಿಟೆಬಲ್ ಪ್ರೋಟೀನ್’, ‘ಹೈಡ್ರೊಲೈಸ್ಡ್ ವೆಜಿಟೆಬಲ್ ಪ್ರೋಟೀನ್’ ಎಂದಿದ್ದರೆ ಯಾವ ಗಿಡ ಎಂದು ಕೇಳಿ. ಬಟಾಣಿಯ ‘ಪ್ರೋಟೀನ್ ಐಸೊಲೇಟ್’ ಬಗ್ಗೆ ವಿಶೇಷ ಎಚ್ಚರ ಬೇಕು. ಐಸೊಲೇಟ್ ಎಂದರೆ ತೂಕದ ಸುಮಾರು ಶೇ 80ರಷ್ಟು ಪ್ರೋಟೀನೇ ಉಳಿಯುವಂತೆ ಹಿಂಡಿ ತೆಗೆದ ಪುಡಿ. ಬೆಂದ ಹಸಿರು ಬಟಾಣಿಯಲ್ಲಿ 100 ಗ್ರಾಂಗೆ 5 ಗ್ರಾಂ ಆಸುಪಾಸು ಪ್ರೋಟೀನಿದ್ದರೆ, 10 ಗ್ರಾಂ ಪುಡಿಯಲ್ಲೇ 8 ಗ್ರಾಂ ಇರುತ್ತದೆ. ನಾಲ್ಕು ಬಟಾಣಿ ತಿಂದು ಏನೂ ಆಗದವರಿಗೆ ಒಂದು ಲೋಟ ಪ್ರೋಟೀನ್ ಪಾನೀಯ ಯಾಕೆ ತೊಂದರೆ ಕೊಟ್ಟಿತು ಎಂಬುದಕ್ಕೆ ಉತ್ತರ ಈ ಲೆಕ್ಕದಲ್ಲಿದೆ. ಗ್ಲುಟೆನ್ ಇಲ್ಲದ ಬ್ರೆಡ್, ಬಿಸ್ಕತ್ತುಗಳಲ್ಲಿ ಕಡಲೆಹಿಟ್ಟು, ಲೂಪಿನ್ ಹಿಟ್ಟು ಗೋಧಿಯ ಜಾಗ ತುಂಬಿರುವುದುಂಟು.

ಸಂಖ್ಯೆಗಳನ್ನೂ ಗುರುತಿಟ್ಟುಕೊಳ್ಳಿ: ಇ322 ಲೆಸಿಥಿನ್ (ಬಹಳ ಸಲ ಸೋಯಾದ್ದು), ಇ412 ಗೋರಿಕಾಯಿ ಬೀಜದ ಗೋಂದು, ಇ410 ಕ್ಯಾರಬ್ ಬೀಜದ ಗೋಂದು, ಇ414 ಅಕೇಶಿಯಾ ಗೋಂದು. ಸೋಯಾದ ಲೆಸಿಥಿನ್ ಸೇರಿ ಎಲ್ಲವೂ ದ್ವಿದಳ ಕುಲದವೇ, ಆದರೆ ಪ್ರೋಟೀನು ಅತ್ಯಲ್ಪ. ಸೋಯಾ ಅಲರ್ಜಿ ಇರುವ ಹೆಚ್ಚಿನವರಿಗೆ ಲೆಸಿಥಿನ್ ತಾಳುತ್ತದೆ, ವೈದ್ಯರು ಬೇಡವೆಂದಿದ್ದರೆ ಮಾತ್ರ ಬಿಡಿ. ಇನ್ನು ಎಣ್ಣೆ. ಪೂರ್ತಿ ಶುದ್ಧೀಕರಿಸಿದ ರಿಫೈನ್ಡ್ ಎಣ್ಣೆಯಲ್ಲಿ ಪ್ರೋಟೀನು ಉಳಿದಿರುವುದಿಲ್ಲ ಎನ್ನುವಷ್ಟು ಕಡಿಮೆ. ಗಾಣದ ಅಥವಾ ಕೋಲ್ಡ್ ಪ್ರೆಸ್ಡ್ ಎಣ್ಣೆಯಲ್ಲಿ ಉಳಿದಿರುತ್ತದೆ, ಅದನ್ನು ಕಾಳೆಂದೇ ಲೆಕ್ಕ ಹಿಡಿಯಿರಿ.

‘ಅಂಶ ಇರಬಹುದು’ ಎಂಬ ಎಚ್ಚರಿಕೆ ಐರೋಪ್ಯ ಒಕ್ಕೂಟ, ಅಮೆರಿಕ ಎರಡೂ ಕಡೆ ತಯಾರಕರ ಇಚ್ಛೆಗೆ ಬಿಟ್ಟದ್ದು. ಅದು ಇಲ್ಲದ ಪೊಟ್ಟಣ ಸುರಕ್ಷಿತ ಎಂದು ಅರ್ಥವಲ್ಲ. ಕಡಲೆಕಾಯಿಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್‌ಎಒ) ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಸೂಚಿಸಿದ ಉಲ್ಲೇಖ ಪ್ರಮಾಣ 2 ಮಿಲಿಗ್ರಾಂ ಪ್ರೋಟೀನು, ಅಂದರೆ ಒಂದು ಬೀಜದ ಸುಮಾರು ನೂರಿಪ್ಪತ್ತೈದರಲ್ಲಿ ಒಂದು ಪಾಲು. ಅಲರ್ಜಿ ಇರುವವರಲ್ಲಿ ಬಹುಪಾಲು ಮಂದಿಗೆ ಅಷ್ಟರೊಳಗೆ ಏನೂ ಆಗದು, ಕೆಲವರಿಗೆ ಅಷ್ಟೂ ಹೆಚ್ಚೇ.

7. ಅಡುಗೆಮನೆ ಸರಿಪಡಿಸಿ

ಬೇಯಿಸಿದರೆ ಅಲರ್ಜಿ ಹೋಗುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಕಡಲೆಕಾಯಿಯನ್ನು ನೀರಿನಲ್ಲಿ ಕುದಿಸಿದರೆ ಪ್ರೋಟೀನಿನ ಒಂದಂಶ ನೀರಿಗಿಳಿದು ಕಾಳಿನ ಕಾಟ ತುಸು ತಗ್ಗುತ್ತದೆ, ನೀರಿನ ಕಾಟ ಹೆಚ್ಚುತ್ತದೆ. ಹುರಿದರೆ ಸಕ್ಕರೆ ಮತ್ತು ಪ್ರೋಟೀನು ಬೆಸೆದುಕೊಂಡು (ಹುರಿದದ್ದಕ್ಕೆ ಕಂದು ಬಣ್ಣ, ಘಮ ಬರುವುದೂ ಇದರಿಂದಲೇ) ಐಜಿಇ ಅಂಟುವ ಶಕ್ತಿ ಹೆಚ್ಚುತ್ತದೆ. ಹುದುಗಿಸಿದ ಸೋಯಾದಲ್ಲಿ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಒಟ್ಟಿನಲ್ಲಿ ಅಲರ್ಜಿ ಇರುವವರಿಗೆ ಯಾವ ಪಾಕವಿಧಾನವೂ ಭದ್ರವಲ್ಲ.

ಕೈಯನ್ನು ಸೋಪು ಹಾಕಿ ನೀರಿನಲ್ಲಿ ತೊಳೆಯಿರಿ. ಬರೀ ನೀರಿಗೆ, ಸ್ಯಾನಿಟೈಸರ್‌ಗೆ ಕಡಲೆಕಾಯಿ ಪ್ರೋಟೀನು ಪೂರ್ತಿ ಹೋಗುವುದಿಲ್ಲ. ಸ್ಯಾನಿಟೈಸರ್ ರೋಗಾಣು ಕೊಲ್ಲುತ್ತದೆ, ಪ್ರೋಟೀನನ್ನು ತೆಗೆಯುವುದಿಲ್ಲ. ಮಿಕ್ಸಿ ಜಾರಿನ ರಬ್ಬರ್ ಸುತ್ತು, ಬ್ಲೇಡಿನ ಬುಡ, ಮರದ ಸೌಟಿನ ಬಿರುಕು, ಜರಡಿಯ ಕಣ್ಣು, ಇಲ್ಲಿ ಹಿಟ್ಟು ಉಳಿಯುತ್ತದೆ. ಇವನ್ನು ಬೇರೆಯೇ ಇಡಿ. ಒಮ್ಮೆ ಕಾಳಿನ ಪದಾರ್ಥ ಕರಿದ ಎಣ್ಣೆಯಲ್ಲಿ ಮತ್ತೇನನ್ನೂ ಕರಿದುಕೊಡಬೇಡಿ. ಅಲರ್ಜಿ ಇರುವವರ ಅಡುಗೆ ಮೊದಲು ಮಾಡಿ, ಮುಚ್ಚಿಟ್ಟು, ಆಮೇಲೆ ಉಳಿದದ್ದಕ್ಕೆ ಕೈಹಾಕಿ.

ಕಡಲೆಕಾಯಿಯ ವಾಸನೆಗೆ ಹೆದರಬೇಕಿಲ್ಲ, ಆ ಪರಿಮಳದ ಅಣುಗಳು ಪ್ರೋಟೀನಲ್ಲ. ಆದರೆ ಮಸೂರ, ಕಡಲೆ ಕುದಿಯುವಾಗ ಏಳುವ ಹಬೆಯಲ್ಲಿ ಪ್ರೋಟೀನು ಹೊತ್ತ ಸಣ್ಣ ಹನಿಗಳಿರಬಹುದು. ಅದನ್ನು ಉಸಿರಾಡಿ ಉಬ್ಬಸ ಬಂದವರಿದ್ದಾರೆ. ಹಿಟ್ಟು ಬೀಸುವಾಗಿನ ಧೂಳೂ ಹಾಗೆಯೇ.

8. ತುರ್ತಿಗೆ ತಯಾರಿರಿ

ತಿಂದ ಮೇಲೆ ಗಂಧೆ ಅಥವಾ ಊತದ ಜೊತೆಗೆ ಉಸಿರಾಟದ ತೊಂದರೆ, ದನಿ ಗೊಗ್ಗರಾಗುವುದು, ಮತ್ತೆ ಮತ್ತೆ ವಾಂತಿ, ತಲೆಸುತ್ತು ಇವುಗಳಲ್ಲಿ ಒಂದಿದ್ದರೂ ಅನಾಫಿಲ್ಯಾಕ್ಸಿಸ್, ಅಂದರೆ ಜೀವಕ್ಕೆ ಕುತ್ತು ತರಬಲ್ಲ ಪ್ರತಿಕ್ರಿಯೆ ಎಂದು ತಿಳಿಯಿರಿ. ಗಂಧೆಯಿಲ್ಲದೆಯೂ ಅದು ಬರಬಹುದು.

- ಮೊದಲ ಔಷಧ ಎಪಿನೆಫ್ರಿನ್ (ಅಡ್ರಿನಲಿನ್). ತೊಡೆಯ ಹೊರಮಗ್ಗುಲಿನ ನಡುಭಾಗದಲ್ಲಿ, ಸ್ನಾಯುವಿಗೆ. ಆಟೋ ಇಂಜೆಕ್ಟರ್ (ಔಷಧ ತುಂಬಿಯೇ ಬರುವ ಪೆನ್ನಿನಂಥ ಸಾಧನ) ಆದರೆ ಬಟ್ಟೆಯ ಮೇಲಿಂದಲೇ ಚುಚ್ಚಬಹುದು.
- ಪ್ರಮಾಣ ತೂಕದ ಕಿಲೋಗೆ 0.01 ಮಿಲಿಗ್ರಾಂ, ದೊಡ್ಡವರಿಗೆ ಗರಿಷ್ಠ 0.5, ಮಕ್ಕಳಿಗೆ 0.3 ಮಿಲಿಗ್ರಾಂ. ಆಟೋ ಇಂಜೆಕ್ಟರ್‌ಗಳು ಸಾಮಾನ್ಯವಾಗಿ 0.15 ಮತ್ತು 0.3ರಲ್ಲಿ ಬರುತ್ತವೆ, ಯಾವುದೆಂದು ವೈದ್ಯರು ಮೊದಲೇ ಬರೆದುಕೊಟ್ಟಿರಲಿ.
- ಮಲಗಿಸಿ ಕಾಲು ಎತ್ತರಿಸಿ. ಉಸಿರಾಟ ಕಷ್ಟವಿದ್ದರೆ ಕೂರಿಸಿ, ವಾಂತಿಯಿದ್ದರೆ ಮಗ್ಗುಲಾಗಿಸಿ. ಎದ್ದು ನಿಲ್ಲಿಸಬೇಡಿ, ನಡೆಸಬೇಡಿ. ರಕ್ತದೊತ್ತಡ ಕುಸಿದಾಗ ಥಟ್ಟನೆ ನಿಂತವರು ಪ್ರಾಣ ಕಳೆದುಕೊಂಡದ್ದಿದೆ.
- ಆಂಬ್ಯುಲೆನ್ಸ್ ಕರೆಯಿರಿ. 5ರಿಂದ 15 ನಿಮಿಷದಲ್ಲಿ ಸುಧಾರಿಸದಿದ್ದರೆ ಎರಡನೇ ಚುಚ್ಚುಮದ್ದು. ಆದ್ದರಿಂದ ಯಾವಾಗಲೂ ಎರಡು ಜೊತೆಗಿರಲಿ.
- ಸುಧಾರಿಸಿದರೂ ಆಸ್ಪತ್ರೆಗೆ ಹೋಗಿ. ಕೆಲವರಲ್ಲಿ ಗಂಟೆಗಳ ಮೇಲೆ ಎರಡನೇ ಅಲೆ ಬರುತ್ತದೆ.

ಪ್ರಾಣಕ್ಕೆ ಎರವಾಗುವ ದೊಡ್ಡ ತಪ್ಪು, ಆಂಟಿಹಿಸ್ಟಮೈನ್ ಮಾತ್ರೆ ನುಂಗಿಸಿ ಕಾಯುವುದು. ಅದು ತುರಿಕೆ ತಗ್ಗಿಸುತ್ತದೆ, ಮುಚ್ಚಿಕೊಳ್ಳುತ್ತಿರುವ ಶ್ವಾಸನಾಳವನ್ನು ತೆರೆಯುವುದಿಲ್ಲ, ಕುಸಿದ ರಕ್ತದೊತ್ತಡವನ್ನು ಎತ್ತುವುದಿಲ್ಲ. ಇನ್ನೊಂದು, ಗಾಬರಿಯಲ್ಲಿ ಇಂಜೆಕ್ಟರನ್ನು ತಲೆಕೆಳಗು ಹಿಡಿದು ಹೆಬ್ಬೆರಳಿಗೇ ಚುಚ್ಚಿಕೊಳ್ಳುವುದು. ಸೂಜಿಯಿಲ್ಲದ ಅಭ್ಯಾಸದ ಸಾಧನದಲ್ಲಿ ಮನೆಯವರೆಲ್ಲ ಕೈಪಳಗಿಸಿಕೊಳ್ಳಿ. ಫ್ರಿಜ್‌ನಲ್ಲಿಡಬೇಡಿ, ಬಿಸಿಲಿಗೆ ನಿಂತ ಕಾರಿನಲ್ಲಿ ಬಿಡಬೇಡಿ. ಕಿಟಕಿಯಲ್ಲಿ ಕಾಣುವ ದ್ರವ ಕಂದುಬಣ್ಣಕ್ಕೆ ತಿರುಗಿದ್ದರೆ, ಅವಧಿ ಮುಗಿದಿದ್ದರೆ ಬದಲಿಸಿ.

9. ಹಸುಳೆಗಳು, ಚಿಕಿತ್ಸೆ, ಮರುಪರೀಕ್ಷೆ

ಅಲರ್ಜಿ ಬಾರದಿರಲೆಂದು ಕೂಸಿಗೆ ಕಡಲೆಕಾಯಿ ತಡವಾಗಿ ಕೊಡುವ ಸಲಹೆ ಈಗ ತಿರುವುಮುರುವಾಗಿದೆ. 2015ರಲ್ಲಿ ಪ್ರಕಟವಾದ ಲೀಪ್ ಅಧ್ಯಯನದಲ್ಲಿ ತೀವ್ರ ಇಸುಬು (ಎಕ್ಸಿಮಾ) ಅಥವಾ ಮೊಟ್ಟೆ ಅಲರ್ಜಿ ಇದ್ದ, 4ರಿಂದ 11 ತಿಂಗಳ 640 ಹಸುಳೆಗಳಿದ್ದವು. ಐದು ವರ್ಷಕ್ಕೆ ಬರುವಷ್ಟರಲ್ಲಿ ಕಡಲೆಕಾಯಿ ದೂರವಿಟ್ಟ ಗುಂಪಿನಲ್ಲಿ ಶೇ 17.2 ಮಕ್ಕಳಿಗೆ ಅಲರ್ಜಿ ಇತ್ತು, ತಿಂದ ಗುಂಪಿನಲ್ಲಿ ಶೇ 3.2ಕ್ಕೆ ಮಾತ್ರ. ಬಾಯಿಯ ಮೂಲಕ ಬಂದ ಪ್ರೋಟೀನಿಗೆ ಮೈ ಒಗ್ಗಿಕೊಳ್ಳುತ್ತದೆ, ಒಡೆದ ಚರ್ಮದ ಮೂಲಕ ಬಂದದ್ದಕ್ಕೆ ತಿರುಗಿಬೀಳುತ್ತದೆ ಎಂಬುದು ಇದರ ಹಿಂದಿನ ವಿವರಣೆ. ಹಾಗಾಗಿ ಮಗುವಿನ ಚರ್ಮಕ್ಕೆ ಕಡಲೆಕಾಯಿ ಎಣ್ಣೆ ಹಚ್ಚದಿರುವುದೇ ಲೇಸು, ಇಸುಬಿದ್ದರಂತೂ ಬೇಡವೇ ಬೇಡ.

ತೀವ್ರ ಇಸುಬು ಅಥವಾ ಮೊಟ್ಟೆ ಅಲರ್ಜಿ ಇರುವ ಮಗುವಿಗೆ ಶುರುಮಾಡುವ ಮುನ್ನ ವೈದ್ಯರನ್ನು ಕೇಳಿ. ಕೊಡುವಾಗ ನುಣ್ಣಗಿನ ಕಡಲೆಕಾಯಿ ಪೇಸ್ಟನ್ನು ಬಿಸಿನೀರಿನಲ್ಲಿ ತೆಳುಮಾಡಿ ಕೊಡಿ. ಇಡೀ ಬೀಜ ಐದು ವರ್ಷದೊಳಗಿನ ಮಕ್ಕಳಿಗೆ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಒಮ್ಮೆ ಶುರುಮಾಡಿದರೆ ವಾರ ವಾರವೂ ಮುಂದುವರಿಸಿ; ಆ ಅಧ್ಯಯನದಲ್ಲಿ ವಾರಕ್ಕೆ 6 ಗ್ರಾಂ ಪ್ರೋಟೀನನ್ನು ಮೂರು ಅಥವಾ ಹೆಚ್ಚು ಸಲವಾಗಿ ಹಂಚಿ ಕೊಟ್ಟಿದ್ದರು.

ಚಿಕಿತ್ಸೆಯಲ್ಲಿ, 2020ರ ಜನವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅಳೆದಿಟ್ಟ ಕಡಲೆಕಾಯಿ ಪುಡಿಯೊಂದನ್ನು ಔಷಧವಾಗಿ ಒಪ್ಪಿತು. ಹಂತಹಂತವಾಗಿ ಏರಿಸಿ ದಿನಕ್ಕೆ 300 ಮಿಲಿಗ್ರಾಂ ಪ್ರೋಟೀನಿಗೆ ತಂದು ನಿಲ್ಲಿಸುವ ಕ್ರಮ ಅದು. ಗುರಿ ಅಕಸ್ಮಾತ್ ಬಾಯಿಗೆ ಬಿದ್ದ ತುಣುಕನ್ನು ತಾಳಿಕೊಳ್ಳುವಂತಾಗುವುದು, ಬೇಕಾದಷ್ಟು ತಿನ್ನುವುದಲ್ಲ. 2024ರ ಫೆಬ್ರುವರಿಯಲ್ಲಿ ಐಜಿಇಯನ್ನೇ ಹಿಡಿದು ಕಟ್ಟಿಹಾಕುವ ಓಮಲಿಜುಮ್ಯಾಬ್ ಚುಚ್ಚುಮದ್ದಿಗೂ ಇದೇ ಉದ್ದೇಶಕ್ಕೆ ಅನುಮತಿ ಸಿಕ್ಕಿತು. ಎರಡರಲ್ಲೂ ಎಪಿನೆಫ್ರಿನ್ ಜೊತೆಗಿರಲೇಬೇಕು. ಪುಡಿಯ ಚಿಕಿತ್ಸೆಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೀವೇ ಮಾಡಿಕೊಳ್ಳಲು ಹೋಗಬೇಡಿ.

ಸೋಯಾ ಅಲರ್ಜಿ ಇರುವ ಮಕ್ಕಳಲ್ಲಿ ಹೆಚ್ಚಿನವರು ಬೆಳೆಯುತ್ತ ಅದನ್ನು ಕಳೆದುಕೊಳ್ಳುತ್ತಾರೆ. ಕಡಲೆಕಾಯಿಯದು ಹೋಗುವುದು ಐವರಲ್ಲಿ ಒಬ್ಬರಿಗೆ. ಆದ್ದರಿಂದ ಮಕ್ಕಳಿಗೆ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಮರುಪರೀಕ್ಷೆ ಮಾಡಿಸಿ. ಹೋಗುವಾಗ ಹಳೆಯ ವರದಿಗಳನ್ನೂ, ಈ ನಡುವೆ ಗೊತ್ತಿಲ್ಲದೆ ತಿಂದದ್ದೇನಾದರೂ ಇದ್ದರೆ ಎಷ್ಟು, ಏನಾಯಿತು ಎಂಬ ಟಿಪ್ಪಣಿಯನ್ನೂ ಒಯ್ಯಿರಿ. ತಿಂದೂ ಏನೂ ಆಗದಿದ್ದ ದಿನದ ಟಿಪ್ಪಣಿಯೂ ಅದರಲ್ಲಿರಲಿ. ತಿನ್ನಿಸಿ ನೋಡುವ ಪರೀಕ್ಷೆಗೆ ಹೊತ್ತು ಬಂದಿದೆಯೇ ಎಂದು ವೈದ್ಯರು ಅದನ್ನೇ ನೋಡಿ ನಿರ್ಧರಿಸಬಹುದು.